ಬಿಸಿನೀರು ಏಳೂವರೆಗೆ ಮುಗಿಯುತ್ತದೆ, ವಾಕಿಂಗ್ ಯಾವಾಗ ಹೋಗಲಿ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ನಮ್ಮೂರು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಹೈಸ್ಕೂಲಿನಲ್ಲಿ ಖೋಖೋ ಆಡುತ್ತಿದ್ದೆ, ತಾಲ್ಲೂಕು ಮಟ್ಟಕ್ಕೂ ಹೋಗಿದ್ದೆ. ಪಿಯುಸಿಗೆ ಬಂದ ಮೇಲೆ ನಿಂತುಹೋಯಿತು. ಈಗ ಪಿಜಿಯಲ್ಲಿ ಮೂರನೇ ಮಹಡಿ ಹತ್ತಿದರೆ ಏದುಸಿರು ಬರುತ್ತದೆ. ಏಳು ಕೆಜಿ ಜಾಸ್ತಿಯಾಗಿದ್ದೇನೆ. ಜನವರಿಯಲ್ಲಿ ಮೂರು ತಿಂಗಳ ಫೀಸು ಕಟ್ಟಿ ಜಿಮ್ ಸೇರಿದೆ, ಒಂಬತ್ತು ದಿನ ಹೋದೆ ಅಷ್ಟೆ. ಬೆಳಿಗ್ಗೆ ವಾಕಿಂಗ್ ಹೋಗೋಣ ಅಂದರೆ ಪಿಜಿಯಲ್ಲಿ ಬಿಸಿನೀರು ಏಳೂವರೆಗೆ ಮುಗಿಯುತ್ತದೆ. ಸಂಜೆ ಬಂದರೆ ರೆಕಾರ್ಡ್, ಅಸೈನ್‌ಮೆಂಟ್. ಫೋನಿನಲ್ಲಿ 10,000 ಹೆಜ್ಜೆ ಟಾರ್ಗೆಟ್ ಇಟ್ಟಿದ್ದೇನೆ, ಮೂರು ಸಾವಿರ ದಾಟುವುದಿಲ್ಲ. ಅಮ್ಮ ಫೋನಿನಲ್ಲಿ 'ಸೋಮಾರಿ' ಅಂತ ಬೈಯುತ್ತಾಳೆ. ನನಗೂ ಹಾಗೇ ಅನ್ನಿಸತೊಡಗಿದೆ. ಏನು ಮಾಡಲಿ?

ಉತ್ತರ: ಕಾಲೇಜುಗಳಲ್ಲಿ ಇಪ್ಪತ್ತಾರು ವರ್ಷ ಪಿ.ಡಿ., ಅಂದರೆ ದೈಹಿಕ ಶಿಕ್ಷಣ ನಿರ್ದೇಶಕಿ ಆಗಿದ್ದವಳು ನಾನು. ಹುಡುಗಿಯರನ್ನೆಲ್ಲ 'ನೀನು' ಅಂತ ಕರೆದೇ ಅಭ್ಯಾಸ. ಇಲ್ಲೂ ಹಾಗೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಮ್ಮ.

ನಿನ್ನ ಪತ್ರದಲ್ಲಿ ನನಗೆ ತುಂಬಾ ಹಿಡಿಸಿದ್ದು ಬಿಸಿನೀರಿನ ಸಾಲು. ಕಾಲೇಜು ಮಕ್ಕಳು ಯಾಕೆ ಆಡುವುದಿಲ್ಲ, ಯಾಕೆ ನಡೆಯುವುದಿಲ್ಲ ಅಂತ ಎಷ್ಟೋ ಪ್ರಶ್ನಾವಳಿಗಳನ್ನು ನಾನೇ ಹಂಚಿ ತುಂಬಿಸಿದ್ದೇನೆ. ಟೈಮಿಲ್ಲ, ದುಡ್ಡಿಲ್ಲ, ಜೊತೆಗೆ ಯಾರೂ ಇಲ್ಲ, ಮನಸ್ಸಿಲ್ಲ ಅಂತ ಟಿಕ್ ಹಾಕಲು ಚೌಕಗಳು ಇರುತ್ತವೆ. ಎಲ್ಲರೂ 'ಟೈಮಿಲ್ಲ'ಕ್ಕೆ ಟಿಕ್ ಹಾಕಿ ಹಾಳೆ ವಾಪಸ್ ಕೊಡುತ್ತಾರೆ. ಬಿಸಿನೀರಿಗೆ ಅಲ್ಲಿ ಚೌಕವೇ ಇಲ್ಲ. ಆದರೆ ಅಡ್ಡಿ ಇರುವುದು ಅಲ್ಲೇ. ಸೋಲಾರ್ ಟ್ಯಾಂಕು ಒಂದು, ಹುಡುಗಿಯರು ನಲವತ್ತು. ಆರಕ್ಕೆ ಎದ್ದು ನಡೆಯಲು ಹೋದವಳು ಏಳೂವರೆಗೆ ಬಂದರೆ ತಣ್ಣೀರು. ಡಿಸೆಂಬರ್‌ನಲ್ಲಿ ಎರಡು ದಿನ ಹಾಗಾದರೆ ಮೂರನೇ ದಿನ ಯಾರು ಹೋಗುತ್ತಾರೆ? ನಾನಾದರೂ ಹೋಗುವುದಿಲ್ಲ.

ಅದಕ್ಕೇ ಮೊದಲು ಆ 'ಸೋಮಾರಿ' ಪದವನ್ನು ಪಕ್ಕಕ್ಕಿಡು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು ಒಂದು ಲೆಕ್ಕ ಕೊಟ್ಟರು. 2022ರಲ್ಲಿ ಭಾರತದ ದೊಡ್ಡವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ಅರ್ಧ ದೇಶವೇ ಸೋಮಾರಿ ಆಗಲು ಸಾಧ್ಯವಾ? ಹೆಣ್ಣುಮಕ್ಕಳು ಹುಟ್ಟಾ ಗಂಡಸರಿಗಿಂತ ಜಾಸ್ತಿ ಸೋಮಾರಿಗಳಾ? ಬೆಳಗಿನಿಂದ ರಾತ್ರಿಯವರೆಗೆ ನಮ್ಮನ್ನು ಕೂರಿಸಿಡುವ ಹಾಗೆ ದಿನವೇ ಕಟ್ಟಿಕೊಂಡಿದೆ. ಯಾವ ಗಂಟೆಯಲ್ಲಿ ಯಾವುದು ತಡೆಯುತ್ತದೆ ಅಂತ ಹುಡುಕಿದರೆ ಮಾತ್ರ ದಾರಿ ಸಿಗುತ್ತದೆ.

ಈ ಮಾತನ್ನು ಹೇಳುವ ಹಕ್ಕು ನನಗೆ ಸುಮ್ನೆ ಬಂದಿದ್ದಲ್ಲ. ನಾನೂ ಹುಡುಗಿಯರನ್ನು ಸೋಮಾರಿ ಅಂತ ಬೈದವಳೇ. ಕೆಲಸಕ್ಕೆ ಸೇರಿದ ಮೂರನೇ ವರ್ಷವೋ ನಾಲ್ಕನೇ ವರ್ಷವೋ ಒಬ್ಬಳು ಬಿ.ಎಸ್ಸಿ. ಹುಡುಗಿ ಇದ್ದಳು. ಗ್ರೌಂಡಿಗೆ ಬರುತ್ತಿದ್ದಳು, ಒಂದು ಸುತ್ತು ಓಡಿ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಕರೆದರೆ 'ಸುಸ್ತು ಮೇಡಂ' ಅನ್ನುತ್ತಿದ್ದಳು. ಎಲ್ಲರ ಎದುರಿಗೆ 'ನಾಟಕ ಸಾಕು, ಏಳು' ಅಂದೆ. ಆಮೇಲೆ ಕಾಲೇಜಿನಲ್ಲಿ ರಕ್ತದಾನ ಶಿಬಿರ ಆಯಿತು. ದಾನ ಕೊಡಲು ಸಾಲಿನಲ್ಲಿ ನಿಂತವಳನ್ನು ಬೆರಳು ಚುಚ್ಚಿ ನೋಡಿ ವಾಪಸ್ ಕಳಿಸಿದರು. ಹಿಮೋಗ್ಲೋಬಿನ್ 7.8 ಇತ್ತು. ಅಷ್ಟು ಕಡಿಮೆ ರಕ್ತ ಇಟ್ಟುಕೊಂಡು ಅವಳು ಒಂದು ಸುತ್ತು ಓಡುತ್ತಿದ್ದದ್ದೇ ದೊಡ್ಡದು. ಅವಳ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಅವಳು ನಕ್ಕಳು. ನನಗೆ ಇವತ್ತಿಗೂ ನಗು ಬರುವುದಿಲ್ಲ.

ನಿನಗೂ ಮೂರು ಮಹಡಿಗೆ ಏದುಸಿರು ಅಂತ ಬರೆದಿದ್ದೀಯ. ಅದು ಬರೀ ಅಭ್ಯಾಸ ತಪ್ಪಿದ್ದಕ್ಕೆ ಇರಬಹುದು. ಆದರೆ ಬೇರೆ ಏನೇ ಶುರು ಮಾಡುವ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ನಿನ್ನ ವಯಸ್ಸಿನ ಹುಡುಗಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತಲೇ ಲೆಕ್ಕ. ರಿಪೋರ್ಟ್ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗು, ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಬೇಡ. ಮುಟ್ಟಿನಲ್ಲಿ ಸ್ರಾವ ಜಾಸ್ತಿ ಇದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳು, ಎಷ್ಟೋ ಸಲ ಮೂಲ ಅಲ್ಲೇ ಇರುತ್ತದೆ. ತೂಕ ಏರಿದ್ದು, ಸುಸ್ತು ಎರಡೂ ಇರುವುದರಿಂದ ಥೈರಾಯ್ಡ್ ನೋಡಬೇಕಾ ಅಂತಲೂ ಕೇಳು. ಎದೆನೋವು, ಕಣ್ಣು ಕತ್ತಲೆ ಬರುವುದು ಇದ್ದರಂತೂ ತಡ ಮಾಡಬೇಡ. ಇನ್ನೊಂದು ಸಣ್ಣ ವಿಷಯ. ಪಿಜಿಯಲ್ಲಿ ತಿಂಡಿ ತಟ್ಟೆಯ ಪಕ್ಕದಲ್ಲೇ ಕಾಫಿ ಲೋಟ ಇಟ್ಟುಕೊಳ್ಳುವ ಅಭ್ಯಾಸ ಇರುತ್ತದಲ್ವಾ? ಊಟ ತಿಂಡಿಯ ಜೊತೆಗೇ ಕಾಫಿ ಟೀ ಕುಡಿದರೆ ಆಹಾರದ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿ. ಸೊಪ್ಪಿನ ಪಲ್ಯಕ್ಕೆ, ಕಾಳಿಗೆ ನಿಂಬೆಹಣ್ಣು ಹಿಂಡಿಕೋ.

ರಕ್ತ ಸರಿಯಿದೆ ಅಂತಲೇ ಇಟ್ಟುಕೊಂಡು ಮುಂದೆ ಹೋಗೋಣ.

'ಪಿಯುಸಿಗೆ ಬಂದ ಮೇಲೆ ನಿಂತುಹೋಯಿತು' ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ನಿನ್ನ ಆಟ ಕಳೆದದ್ದು ಅಲ್ಲಿ, ಬೆಂಗಳೂರಿನಲ್ಲಲ್ಲ. ನಮ್ಮ ಕಡೆ ಎಸ್ಸೆಸ್ಸೆಲ್ಸಿವರೆಗೆ ಪಿ.ಟಿ. ಪೀರಿಯಡ್ ಅಂತ ಹೆಸರಿಗಾದರೂ ಇರುತ್ತದೆ. ಪಿಯುಸಿ ಸೈನ್ಸ್ ಸೇರಿದ ದಿನದಿಂದ ಸಿಇಟಿ, ನೀಟ್, ಬೆಳಿಗ್ಗೆ ಟ್ಯೂಷನ್, ಸಂಜೆ ಟ್ಯೂಷನ್. ಹದಿನಾರು ಹದಿನೇಳನೇ ವಯಸ್ಸಿನಲ್ಲಿ ಎರಡು ವರ್ಷ ಕುರ್ಚಿಗೆ ಕಟ್ಟಿಹಾಕಿದ ಹಾಗೆ. ಆಮೇಲೆ ಡಿಗ್ರಿಗೆ ಬಂದ ಮಕ್ಕಳು ನನ್ನ ಹತ್ತಿರ 'ನನಗೆ ಆಟ ಬರಲ್ಲ ಮೇಡಂ' ಅನ್ನುತ್ತಿದ್ದರು. ಎರಡು ವರ್ಷದ ಹಿಂದೆ ಮರ ಹತ್ತುತ್ತಿದ್ದ ಹುಡುಗಿಯೂ ಅದೇ ಮಾತು. ಬಿಟ್ಟು ಬಹಳ ದಿನ ಆದರೆ, ಬರುತ್ತಿತ್ತು ಅನ್ನುವುದೇ ಮರೆತುಹೋಗುತ್ತದೆ.

ಇನ್ನು ಗ್ರೌಂಡಿನ ವಿಷಯ. ನೀನು ಬರೆದಿಲ್ಲ, ನಾನೇ ಊಹಿಸುತ್ತೇನೆ. ನಿಮ್ಮ ಕಾಲೇಜಿನಲ್ಲಿ ಗ್ರೌಂಡ್ ಅಂತ ಒಂದು ಇದ್ದರೆ ನಾಲ್ಕೂವರೆಗೆ ಅಲ್ಲಿ ಮೂರು ಕ್ರಿಕೆಟ್ ಮ್ಯಾಚು ಒಂದರ ಮೇಲೊಂದು ನಡೆಯುತ್ತಿರುತ್ತವೆ. ಒಂದು ಟೀಮಿನ ಕವರ್ ಇನ್ನೊಂದು ಟೀಮಿನ ಸ್ಲಿಪ್‌ನಲ್ಲಿ ನಿಂತಿರುತ್ತಾನೆ. ಹುಡುಗಿಯರು ಮೆಟ್ಟಿಲ ಮೇಲೆ. ಗ್ರೌಂಡು ಹುಡುಗರದು ಅಂತ ಯಾರೂ ಬೋರ್ಡ್ ಹಾಕಿಲ್ಲ, ಆದರೂ ಅದು ಅವರದೇ. ಮಧ್ಯೆ ನಾಲ್ಕು ಹುಡುಗಿಯರು ರಿಂಗ್ ಹಿಡಿದು ಹೋದರೆ ಬಾಲ್ ಬಂದು ಬಡಿಯುತ್ತದೆ, ಇಲ್ಲವೇ ಒಂದು ಕಾಮೆಂಟ್ ಬಂದು ಬಡಿಯುತ್ತದೆ.

ಇದರಲ್ಲಿ ನನ್ನ ಉದ್ಯೋಗದ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಪಿ.ಡಿ. ಎಷ್ಟು ಕೆಲಸ ಮಾಡಿದರು ಅಂತ ಅಳೆಯುವುದು ಗೆದ್ದ ಕಪ್‌ಗಳನ್ನು ಎಣಿಸಿ. ಹಾಗಾಗಿ ವರ್ಷದ ಶುರುವಿನಲ್ಲಿ ಸೆಲೆಕ್ಷನ್ ಮಾಡುತ್ತೇವೆ, ಹನ್ನೆರಡು ಜನರನ್ನು ಆರಿಸಿಕೊಳ್ಳುತ್ತೇವೆ, ಇದ್ದಬದ್ದ ಬಜೆಟ್ಟು, ಬೂಟು, ಕೋಚಿಂಗ್ ಎಲ್ಲ ಅವರಿಗೆ. ಉಳಿದ ಎರಡು ಸಾವಿರ ಮಕ್ಕಳು ಸ್ಪೋರ್ಟ್ಸ್ ಡೇ ದಿನ ಚಪ್ಪಾಳೆ ತಟ್ಟಿದರೆ ಆಯಿತು. ಚೆನ್ನಾಗಿ ಆಡುವವರಿಗೆ ಮಾತ್ರ ಆಟ ಅನ್ನುವ ಈ ಪದ್ಧತಿ ನನ್ನ ಪ್ರಕಾರ ಬಿಸಿನೀರಿಗಿಂತ ದೊಡ್ಡ ಅಡ್ಡಿ.

ನಿಮ್ಮದು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಾದರೆ ಒಂದು ಹಿಡಿಕೆ ಇದೆ. 2022ರ ಸ್ಕೀಮಿನಲ್ಲಿ ಮೂರರಿಂದ ಆರನೇ ಸೆಮಿಸ್ಟರ್‌ವರೆಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಈ ಮೂರರಲ್ಲಿ ಒಂದನ್ನು ಎಲ್ಲರೂ ತೆಗೆದುಕೊಳ್ಳಲೇಬೇಕು. ಕ್ರೆಡಿಟ್ ಸೊನ್ನೆ, ಹಾಗಾಗಿ ಎಷ್ಟೋ ಕಡೆ ಅದು ಒಂದು ಫೈಲು, ಒಂದು ಸಹಿಯಲ್ಲಿ ಮುಗಿಯುತ್ತದೆ. ಆದರೆ ಕೇಳುವ ಹಕ್ಕು ನಿನಗಿದೆ. ಹನ್ನೆರಡು ಹುಡುಗಿಯರ ಸಹಿ ಹಾಕಿಸಿ ನಿಮ್ಮ ಪಿ.ಡಿ.ಗೆ ಅರ್ಜಿ ಕೊಡು. 'ನಮಗೂ ಗ್ರೌಂಡ್ ಬೇಕು' ಅಂತ ಬರೆಯಬೇಡ, ಅದನ್ನು ಓದಿ ಡ್ರಾಯರಿಗೆ ಹಾಕುತ್ತಾರೆ. ಮಂಗಳವಾರ ಮತ್ತು ಗುರುವಾರ, ನಾಲ್ಕೂವರೆಯಿಂದ ಐದೂವರೆ, ಗ್ರೌಂಡಿನ ಇಂಥ ಮೂಲೆ, ಖೋಖೋ ಅಥವಾ ಥ್ರೋಬಾಲ್, ಹೀಗೆ ದಿನ, ಗಂಟೆ, ಜಾಗ ಹಾಕಿ ಬರೆ. ನಾನು ಆ ಕುರ್ಚಿಯಲ್ಲಿ ಕೂತಿದ್ದವಳು. ಗಂಟೆ ಹಾಕಿ ಕೇಳಿದ ಅರ್ಜಿಗೆ ಇಲ್ಲ ಅನ್ನುವುದು ಕಷ್ಟ.

ಖೋಖೋ ಅಂತ ಬೇಕೆಂದೇ ಹೇಳಿದೆ. ನಿನಗೆ ಬರುವ ಆಟ ಅದು. ನೆಟ್ಟು, ಬ್ಯಾಟು ಏನೂ ಬೇಡ, ಎರಡು ಕಂಬ, ಸ್ವಲ್ಪ ಸುಣ್ಣದ ಪುಡಿ ಸಾಕು. ಕೂರುವುದು, ಏಳುವುದು, ತಿರುಗಿ ಓಡುವುದು, ಒಂದು ಆಟದಲ್ಲಿ ತೊಡೆಗೂ ಉಸಿರಿಗೂ ಎಷ್ಟು ಕೆಲಸ ಅಂತ ನಿನಗೇ ಗೊತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ನಮ್ಮ ಹೆಣ್ಣುಮಕ್ಕಳ ತಂಡವೇ ಗೆದ್ದಿತು. ಆ ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ನೀನು ವಿಶ್ವಕಪ್ ಆಡಬೇಕು ಅಂತ ಹೇಳುತ್ತಿಲ್ಲ. 'ಹಳ್ಳಿ ಆಟ' ಅಂತ ಯಾರಾದರೂ ಮೂಗು ಮುರಿದರೆ ಹೇಳಲು ಇರಲಿ ಅಂತ ಬರೆದೆ.

ಜಿಮ್ಮಿಗೆ ಒಂಬತ್ತು ದಿನ ಹೋದೆ ಅಂತ ನಾಚಿಕೆಪಡುತ್ತಿದ್ದೀಯ. ಏನಾಗಿರುತ್ತದೆ ನಾನು ಹೇಳಲಾ? ಮೊದಲ ದಿನ ಹುರುಪಿನಲ್ಲಿ ಜಾಸ್ತಿ ಮಾಡಿರುತ್ತೀಯ. ಎರಡನೇ ಮೂರನೇ ದಿನ ಮೆಟ್ಟಿಲಿಳಿಯಲು ಆಗದಷ್ಟು ನೋವು. ಅಭ್ಯಾಸವಿಲ್ಲದ ಮೈಗೆ ಒಂದರಿಂದ ಮೂರು ದಿನದ ಒಳಗೆ ಆ ನೋವು ಜೋರಾಗಿರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಜೊತೆಗೆ ಡಂಬೆಲ್ ಇರುವ ಮೂಲೆಯಲ್ಲಿ ಕನ್ನಡಿ ಮುಂದೆ ನಿಂತ ಅಣ್ಣಂದಿರು. ಹಾಕಿಕೊಂಡ ಟೀ ಶರ್ಟು ಎಳೆದುಕೊಳ್ಳುವುದರಲ್ಲೇ ಅರ್ಧ ಗಮನ.

ಬಟ್ಟೆಯ ಮಾತು ಬಂತಲ್ಲ, ಗಂಡಸರು ಈ ಅಂಕಣ ಬರೆದರೆ ಹೇಳದ ಒಂದು ವಿಷಯ ಹೇಳಿಬಿಡುತ್ತೇನೆ. ಓಡುವಾಗ, ಜಿಗಿಯುವಾಗ ಎದೆ ಕುಣಿಯುತ್ತದೆ, ನೋಯುತ್ತದೆ, ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತದೆ. ಎಷ್ಟು ಹುಡುಗಿಯರು ಹೈಸ್ಕೂಲು ಮುಗಿಯುವ ಹೊತ್ತಿಗೆ ಆಟ ಬಿಡುವುದು ಬರೀ ಇದಕ್ಕೇ ಅಂತ ನಾನು ಗ್ರೌಂಡಿನಲ್ಲಿ ನಿಂತು ನೋಡಿದ್ದೇನೆ. ಬಿಗಿಯಾಗಿ ಹಿಡಿಯುವ ಸ್ಪೋರ್ಟ್ಸ್ ಬ್ರಾ ಎರಡು ತೆಗೆದುಕೋ. ಒಂದು ತಿಂಗಳ ಜಿಮ್ ಫೀಸಿಗಿಂತ ಕಡಿಮೆ ಆಗುತ್ತದೆ, ನೂರು ಪಾಲು ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಮೇಲೆ ಸಡಿಲ ಕುರ್ತಾ ಹಾಕಿಕೊಂಡರೂ ನಡೆಯುತ್ತದೆ. ಚೂಡಿದಾರದಲ್ಲೇ ನಡೆಯುವುದಾದರೂ ಸರಿ, ಕಾಲಿಗೆ ಮಾತ್ರ ಚಪ್ಪಲಿ ಬೇಡ, ಬೂಟು ಇರಲಿ.

ಹೆಜ್ಜೆಗಳ ಲೆಕ್ಕಕ್ಕೆ ಬರೋಣ. ಆ 10,000 ಜನಪ್ರಿಯವಾದದ್ದು ಒಂದು ಯಂತ್ರದ ಹೆಸರಿನಿಂದ. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮರುವರ್ಷ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತು. ಅದಕ್ಕೆ 'ಮಾನ್ಪೊಕೆಯ್' ಅಂತ ಹೆಸರಿಟ್ಟರು, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಆ ಹೆಸರೇ ಈಗ ನಿನ್ನ ಫೋನಿನಲ್ಲಿ ಕೂತು ದಿನಾ ರಾತ್ರಿ ನಿನ್ನನ್ನು ಫೇಲ್ ಮಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಹೆಜ್ಜೆಯ ಲೆಕ್ಕವಲ್ಲ, ನಿಮಿಷದ ಲೆಕ್ಕ. ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥದ್ದು, ಅಥವಾ ಅದರ ಅರ್ಧದಷ್ಟು ಹೊತ್ತು ಓಟದಂಥ ಜೋರಿನ ಕೆಲಸ. ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮೊದಲೆಲ್ಲ ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಮಾಡಬೇಕು ಅಂತ ಷರತ್ತು ಇತ್ತು. ಅದನ್ನು ತೆಗೆದುಹಾಕಿದ್ದಾರೆ. ಎರಡು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ. ಭಾನುವಾರ ಬಕೆಟ್ ಹೊತ್ತು ಟೆರೇಸಿಗೆ ಹೋಗಿ ಬಟ್ಟೆ ಒಗೆದು ಹಿಂಡುತ್ತೀಯಲ್ಲ, ಅದೂ ಸೇರುತ್ತದೆ.

ನಿನಗೆ ಎರಡು ನಿಮಿಷ ಎಲ್ಲಿದೆ ಅಂತ ನೋಡಿದರೆ, ಏದುಸಿರು ಬರಿಸುತ್ತದಲ್ಲ, ಆ ಮೆಟ್ಟಿಲಲ್ಲೇ ಇದೆ. 2019ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಕೂತೇ ಇರುತ್ತಿದ್ದ ಒಂದಿಷ್ಟು ಯುವಜನರಿಂದ ಮೆಟ್ಟಿಲು ಹತ್ತಿಸಿದರು. ಮೂರು ಮಹಡಿ, ಅರುವತ್ತು ಮೆಟ್ಟಿಲು, ಒಂದೇ ಉಸಿರಿಗೆ ಜೋರಾಗಿ. ದಿನಕ್ಕೆ ಮೂರು ಸಲ, ನಡುವೆ ಗಂಟೆಗಟ್ಟಲೆ ಬಿಡುವು, ವಾರಕ್ಕೆ ಮೂರು ದಿನ, ಆರು ವಾರ. ಕೊನೆಯಲ್ಲಿ ಅವರ ಉಸಿರಿನ ತಾಕತ್ತು ಹತ್ತದವರಿಗಿಂತ ಹೆಚ್ಚಿತ್ತು. ಸಣ್ಣ ಅಧ್ಯಯನ, ಸುಧಾರಣೆಯೂ ಭಾರೀ ಏನಲ್ಲ. ಆದರೆ ಬಟ್ಟೆ ಬದಲಿಸಬೇಕಾಗಿಲ್ಲ, ಸ್ನಾನ ಬೇಕಾಗಿಲ್ಲ, ಫೀಸಿಲ್ಲ. ನಿನ್ನ ರೂಮು ಇರುವುದು ಮೂರನೇ ಮಹಡಿಯಲ್ಲೇ! ಮೊದಲ ಎರಡು ವಾರ ಕಂಬಿ ಹಿಡಿದು ನಿಧಾನವಾಗಿ ಹತ್ತು, ಆಮೇಲೆ ಜೋರು ಮಾಡು. ಹಿಮೋಗ್ಲೋಬಿನ್ ರಿಪೋರ್ಟ್ ಬರುವ ತನಕ ಜೋರು ಬೇಡ.

ಟೈಮಿನ ಬಗ್ಗೆ ನಾನು ನಿನ್ನ ಜೊತೆ ಜಗಳ ಆಡುವುದಿಲ್ಲ. ಕ್ಲಾಸು, ಬಸ್ಸು, ಲ್ಯಾಬು, ರೆಕಾರ್ಡು, ಇಂಟರ್ನಲ್ಸು, ಅಟೆಂಡೆನ್ಸು, ನಿಜವಾಗಿಯೂ ಜಾಸ್ತಿ ಇದೆ. ರಾತ್ರಿ ರೀಲ್ಸಿಗೆ ಹೋಗುವ ಗಂಟೆಯ ಬಗ್ಗೆ ನಿನಗೇ ಗೊತ್ತು, ನಾನು ಹೇಳಿದರೆ ಅಮ್ಮನ ಜೊತೆ ಸೇರಿಕೊಂಡ ಹಾಗಾಗುತ್ತದೆ. ಆದರೆ ಒಂದು ಗಮನಿಸು. ಅರ್ಧ ಗಂಟೆ ನಡಿಗೆ ತಿನ್ನುವುದು ಅರ್ಧ ಗಂಟೆಯನ್ನಷ್ಟೇ ಅಲ್ಲ. ಬಟ್ಟೆ ಬದಲಿಸಿ, ಬೂಟು ಹುಡುಕಿ, ಯಾರು ಬರುತ್ತೀರಾ ಅಂತ ಕೇಳಿ, ಹೋಗಿ, ಬಂದು, ಬಾತ್‌ರೂಮಿಗೆ ಕಾದು, ಒಂದೂವರೆ ಗಂಟೆ ಆಗುತ್ತದೆ. ಆ ಹೆಚ್ಚಿನ ಒಂದು ಗಂಟೆ ಉಳಿಸುವ ಉಪಾಯ ಬೇಕು. ಸಂಜೆ ಬಸ್ಸಿನಲ್ಲಿ ಬರುವಾಗ ಎರಡು ಸ್ಟಾಪ್ ಮುಂಚೆ ಇಳಿದುಬಿಡು. ಹೇಗಿದ್ದರೂ ಬೂಟು ಹಾಕಿರುತ್ತೀಯ, ಹೇಗಿದ್ದರೂ ಹೊರಗೇ ಇರುತ್ತೀಯ. ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟು, ಮುಂಚೆ ಇಳಿದರೆ ನಷ್ಟವೂ ಇಲ್ಲ. ಬೆಳಕಿರುವ, ಅಂಗಡಿಗಳಿರುವ ರಸ್ತೆಯನ್ನೇ ಹಿಡಿ, ಫುಟ್‌ಪಾತ್ ಇಲ್ಲದ ಕಡೆ, ನಾಯಿಗಳಿರುವ ಗಲ್ಲಿಯಲ್ಲಿ ಧೈರ್ಯ ತೋರಿಸಲು ಹೋಗಬೇಡ. ಒಬ್ಬಳು ರೂಮ್‌ಮೇಟ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಹರಟೆಯಲ್ಲಿ ದಾರಿ ಸವೆಯುತ್ತದೆ.

ಇದನ್ನು 'ಆದಾಗ ಮಾಡುತ್ತೇನೆ' ಅಂತ ಇಟ್ಟುಕೊಳ್ಳಬೇಡ. 2002ರಲ್ಲಿ ಬ್ರಿಟನ್ನಿನಲ್ಲಿ 248 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ನೋಡಿದ್ದಾರೆ. ಒಂದು ಗುಂಪಿಗೆ ಹೆಚ್ಚೇನೂ ಹೇಳಲಿಲ್ಲ. ಇನ್ನೊಂದಕ್ಕೆ ವ್ಯಾಯಾಮ ಮಾಡದಿದ್ದರೆ ಹೃದಯಕ್ಕೆ ಏನಾಗುತ್ತದೆ ಅಂತ ಓದಿಸಿದರು. ಮೂರನೆಯದಕ್ಕೆ ಅದನ್ನೂ ಓದಿಸಿ, ಮುಂದಿನ ವಾರ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಮಾಡುತ್ತೀರಿ ಅಂತ ಬರೆಸಿಕೊಂಡರು. ಮೊದಲ ಗುಂಪಿನಲ್ಲಿ ನೂರಕ್ಕೆ 38 ಜನ ಮಾಡಿದರು, ಎರಡನೆಯದರಲ್ಲಿ 35. ಬರೆದುಕೊಟ್ಟವರಲ್ಲಿ 91. ಭಾಷಣ ಕೇಳಿದವರು ಕೇಳದವರಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ ನೋಡು. ಇಪ್ಪತ್ತಾರು ವರ್ಷ ಭಾಷಣ ಬಿಗಿದ ನನಗೆ ಆ ಅಂಕಿ ಓದಿ ಸ್ವಲ್ಪ ಹೊಟ್ಟೆ ಉರಿಯಿತು. ಅವರು ಕೇಳಿದ್ದು ವಾರಕ್ಕೆ ಒಂದೇ ಸಲ, 20 ನಿಮಿಷ. ನೀನೂ ಒಂದೇ ಸಾಲು ಬರೆ. ಕಪಾಟಿನ ಒಳಬಾಗಿಲಿಗೆ ಅಂಟಿಸು. 'ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಎರಡು ಸ್ಟಾಪ್ ಮುಂಚೆ ಇಳಿಯುತ್ತೇನೆ.' ಇಂಟರ್ನಲ್ಸ್ ವಾರದಲ್ಲಿ ಅದನ್ನು ಒಂದು ಸ್ಟಾಪಿಗೆ ಇಳಿಸಿಕೋ, ಪೂರ್ತಿ ಬಿಡಬೇಡ. ಮುಟ್ಟಿನ ಮೊದಲ ದಿನ ಹೊಟ್ಟೆ ನೋಯುತ್ತಿದ್ದರೆ ಸುಮ್ನೆ ಮಲಗು. ನೋವಿಲ್ಲದಿದ್ದರೆ ನಡೆಯಬಾರದು ಅಂತ ಏನೂ ಇಲ್ಲ.

ಎರಡು ದಿನದ ಬಲದ ವ್ಯಾಯಾಮಕ್ಕೆ ಮೂರು ಜನರ ರೂಮಿನಲ್ಲಿ ಮಂಚದ ಸಂದಿ ಸಾಕು, ನಾನು ಅಳೆದು ನೋಡಿದ್ದೇನೆ, ಒಂದು ಚಾಪೆ ಹಿಡಿಸುತ್ತದೆ. ಹತ್ತು ಬೈಠಕ್, ಗೋಡೆಗೆ ಕೈ ಊರಿ ಹತ್ತು ಪುಷ್‌ಅಪ್, ಮತ್ತೆ ಹತ್ತು, ಮತ್ತೆ ಹತ್ತು. ಕೆಳಗಿನ ರೂಮಿನವರು ಬೈಯುವುದರಿಂದ ಜಿಗಿಯುವುದು ಮಾತ್ರ ಬೇಡ.

ಇನ್ನು ಬಿಸಿನೀರು. ನಡಿಗೆ ಸಂಜೆಗೆ ಹೋದ ಮೇಲೆ ಬೆಳಗಿನ ಜಗಳ ತಾನಾಗಿ ಮುಗಿಯುತ್ತದೆ, ಅಲ್ವಾ? ನೀನು ಎಂದಿನಂತೆ ಆರೂಮುಕ್ಕಾಲಿಗೆ ಬಕೆಟ್ ಹಿಡಿದು ಸಾಲಿನಲ್ಲಿ ನಿಲ್ಲಬಹುದು. ಅಮ್ಮನಿಗೆ ಈ ವಾರ ಫೋನ್ ಮಾಡಿದಾಗ, ಬಸ್ಸಿನಿಂದ ಇಳಿದು ನಡೆಯುತ್ತಲೇ ಮಾತಾಡು. ಹಿಮೋಗ್ಲೋಬಿನ್ ಎಷ್ಟು ಬಂತು ಅಂತ ನನಗೊಂದು ಸಾಲು ಬರೆದು ಕಳಿಸು, ಕಾಯುತ್ತಿರುತ್ತೇನೆ.